ಬ್ರಸೆಲ್ಸಿನಲ್ಲಿ ಕುರ್ಚಿ ಹಾಕುತ್ತಿದ್ದವರು

"ಬ್ರಸೆಲ್ಸ್‌ನಲ್ಲಿ ಏನು ಕೆಲಸ ಮಾಡ್ತಿದ್ರಿ ಆಂಟಿ?" ಎಂದು ಯಾರು ಕೇಳಿದರೂ ಅವರದು ಒಂದೇ ಉತ್ತರ. "ಕುರ್ಚಿ ಹಾಕ್ತಿದ್ದೆರಿ."

ಅಷ್ಟು ಹೇಳಿ ಸುಮ್ಮನಾಗಿಬಿಡುತ್ತಿದ್ದರು. ಹ್ಯೂಸ್ಟನ್ನಿನ ನಮ್ಮ ಕನ್ನಡದವರಲ್ಲಿ ಡಾಕ್ಟರು, ಎಂಜಿನಿಯರು, ಮ್ಯಾನೇಜರು ಎಂದು ಪ್ರತಿಯೊಬ್ಬರಿಗೂ ಹೇಳಿಕೊಳ್ಳಲು ಒಂದು ಹುದ್ದೆ ಇರುತ್ತದೆ. ಕುರ್ಚಿ ಹಾಕುತ್ತಿದ್ದೆ ಎಂದವರಿಗೆ ಮುಂದೇನು ಕೇಳುವುದು? ಕೇಳಿದವರು ಪಾಪ, ತಟ್ಟೆ ಹಿಡಿದುಕೊಂಡು ಬೇರೆ ಕಡೆ ಹೋಗುತ್ತಿದ್ದರು. ಬ್ರಸೆಲ್ಸ್ ಆಂಟಿ ಎಂಬ ಹೆಸರು ಮಾತ್ರ ಅವರಿಗೆ ಅಂಟಿಕೊಂಡಿತು. ಅವರ ನಿಜವಾದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರಿದ್ದಾಗಲೂ ತಮ್ಮ ಹೆಸರು ನಮ್ಮ ಕನ್ನಡ ಬಳಗದ ಸುದ್ದಿಪತ್ರಿಕೆಯಲ್ಲಿ ಬರುವುದನ್ನು ಅವರು ಒಪ್ಪಲಿಲ್ಲ. ಈಗ ಇಲ್ಲವೆಂದು ನಾನು ಆ ಸಲುಗೆ ತೆಗೆದುಕೊಳ್ಳುವುದು ಸರಿಯಲ್ಲ.

ಅವರು ಧಾರವಾಡದವರು. ಸಮಾಜಕಾರ್ಯ ಓದಲು ಬೆಲ್ಜಿಯಂಗೆ ಹೋದವರು ಅಲ್ಲೇ ಉಳಿದರು. ಅಲ್ಲಿನವರೇ ಒಬ್ಬರನ್ನು ಮದುವೆಯಾದರು. ಗಂಡ ಟ್ರಾಮ್ ಓಡಿಸುತ್ತಿದ್ದವರು. ಅವರು ತೀರಿಕೊಂಡ ಮೇಲೆ, ತಾವೂ ಕೆಲಸದಿಂದ ನಿವೃತ್ತಿಯಾದ ಮೇಲೆ, ೨೦೧೪ರಲ್ಲಿ ಹ್ಯೂಸ್ಟನ್ನಿನ ಅಂಚಿನ ಮಿಸೌರಿ ಸಿಟಿಯಲ್ಲಿದ್ದ ಅಕ್ಕನ ಮನೆಗೆ ಬಂದರು. ಅಕ್ಕ ಮೊಣಕಾಲು ಸೋತು ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದರು. ಅವರನ್ನು ನೋಡಿಕೊಳ್ಳುವುದಕ್ಕೆಂದೇ ತಂಗಿ ಬಂದದ್ದು.

ಕುರ್ಚಿಯ ಅರ್ಥ ನನಗೆ ತಿಳಿದದ್ದು ಬಹಳ ತಡವಾಗಿ. ಯುರೋಪಿನ ದೇಶಗಳು ಬಡತನದ ವಿರುದ್ಧ ಒಟ್ಟಾಗಿ ಕೆಲಸ ಮಾಡಲು ಒಂದು ಏರ್ಪಾಡು ಮಾಡಿಕೊಂಡಿದ್ದವು. ಒಂದು ದೇಶದವರು ಇನ್ನೊಂದು ದೇಶಕ್ಕೆ ಹೋಗಿ, ಅಲ್ಲಿ ಮನೆಯಿಲ್ಲದವರಿಗೆ, ಕೆಲಸ ಕಳೆದುಕೊಂಡವರಿಗೆ ಏನು ಮಾಡುತ್ತಾರೆ, ಎಲ್ಲಿ ಎಡವುತ್ತಾರೆ ಎಂದು ನೋಡಿ ಬರುವುದು. ಆಮೇಲೆ ಅವರು ಇವರಲ್ಲಿಗೆ ಬಂದು ನೋಡುವುದು. ವರ್ಷಕ್ಕೊಮ್ಮೆ ಎಲ್ಲ ದೇಶಗಳಿಂದಲೂ ಬಡವರೇ ಬಂದು, ಮಂತ್ರಿಗಳು ಅಧಿಕಾರಿಗಳ ಜೊತೆ ಒಂದೇ ಮೇಜಿನ ಸುತ್ತ ಕೂತು ಮಾತಾಡುವುದು. ಈ ಕೆಲಸಕ್ಕೆ ನೆರವಾಗುತ್ತಿದ್ದ ಒಂದು ಸಣ್ಣ ಕಚೇರಿಯಲ್ಲಿ ಆಂಟಿ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ದುಡಿದಿದ್ದರು. ಯಾರು ಯಾರ ಪಕ್ಕ ಕೂರಬೇಕು, ಯಾರ ಮಾತನ್ನು ಯಾರು ಅನುವಾದ ಮಾಡಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವುದು ಅವರ ಕೆಲಸ. "ಸೋಶಿಯಲ್ ಎಕ್ಸ್‌ಕ್ಲೂಷನ್ ಅಂತ ಅಲ್ಲಿ ಎಲ್ಲಾ ಕಾಗದದ ಮ್ಯಾಲೂ ಬರೀತಿದ್ರು" ಎಂದು ಒಮ್ಮೆ ನನಗೆ ಹೇಳಿದರು. "ಕನ್ನಡದಾಗ ಏನ್ ಅನ್ನೂದು ಅಂತ ನಾನೂ ಭಾಳ ವಿಚಾರ ಮಾಡೀನಿ. ಹೊರಗ ಉಳಿಯೂದು ಅಂದ್ರ ತಪ್ಪಾಗ್ತದ. ತಾವಾಗೇ ಯಾರೂ ಉಳಿಯೂದಿಲ್ಲ. ಹೊರಗ ಇಡೂದು ಅನ್ನಬೇಕು."

ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ; ಕಲಿಯಲೂ ಇಲ್ಲ. ಹ್ಯೂಸ್ಟನ್ನಿನಲ್ಲಿ ಕಾರಿಲ್ಲದೆ ಇರುವುದೆಂದರೆ ಏನೆಂದು ಇಲ್ಲಿದ್ದವರಿಗೆ ಗೊತ್ತು. ಕಾಲುದಾರಿ ಇದೆಯೆಂದು ನಡೆಯುತ್ತ ಹೋದರೆ ಇದ್ದಕ್ಕಿದ್ದಂತೆ ಹುಲ್ಲಿನಲ್ಲಿ ಮುಗಿದುಹೋಗುತ್ತದೆ. ಬಸ್ ನಿಲ್ದಾಣವೆಂದರೆ ಒಂದು ಕಂಬ. ನೆರಳಿಲ್ಲ, ಕೂರಲು ಬೆಂಚಿಲ್ಲ. ಆಂಟಿ ಆಗಸ್ಟ್ ತಿಂಗಳ ಬಿಸಿಲಲ್ಲೂ ದೊಡ್ಡ ಬಿಳಿ ಕೊಡೆ ಹಿಡಿದು ಆ ಕಂಬದ ಕೆಳಗೆ ನಿಂತಿರುತ್ತಿದ್ದರು. ಅಕ್ಕನ ಮನೆಯಿಂದ ಯಾರದಾದರೂ ಕಾರಿನಲ್ಲಿ ಬಸ್ಸು ಸಿಗುವ ಕಡೆಗೆ ಬಂದು, ಅಲ್ಲಿಂದ ಊರೆಲ್ಲ ಸುತ್ತುತ್ತಿದ್ದರು. ಒಂದು ಮಧ್ಯಾಹ್ನ ಆಫೀಸಿನಿಂದ ಬೇಗ ಹೊರಟಿದ್ದ ನಾನು ಅವರನ್ನು ಕಂಡು ಕಾರು ನಿಲ್ಲಿಸಿದೆ.

"ಬನ್ನಿ ಆಂಟಿ, ಡ್ರಾಪ್ ಮಾಡ್ತೀನಿ. ಈ ಬಿಸಿಲಲ್ಲಿ ಬಸ್ಸಿಗೆ ಕಾಯ್ತಾರಾ?"

"ಕಾಯೋರು ಅದಾರಲ್ರಿ" ಎಂದು ಪಕ್ಕದಲ್ಲಿದ್ದವರನ್ನು ತೋರಿಸಿದರು. ಆಸ್ಪತ್ರೆಯ ಸಮವಸ್ತ್ರದ ಒಬ್ಬ ಹೆಂಗಸು, ಉಪಕರಣದ ಪೆಟ್ಟಿಗೆ ಹಿಡಿದ ಒಬ್ಬ ಗಂಡಸು. "ಇವರು ಮೂರ್ನೇ ಬಸ್ ಹಿಡೀಬೇಕಂತ. ಅದನ್ನ ಹೇಳ್ಳಿಕ್ಕೆ ಹತ್ತಿದ್ರು. ಪೂರ್ತಿ ಕೇಳಿ ಬರ್ತೀನಿ, ನೀವು ನಡೀರಿ."

ಐದು ವರ್ಷದ ಮಗುವಿಗೂ ಅವರು 'ರಿ' ಹಚ್ಚಿಯೇ ಮಾತಾಡುತ್ತಿದ್ದರು. ನಮ್ಮ ಮಕ್ಕಳು ಅದಕ್ಕೆ ಕಿಸಕ್ಕನೆ ನಗುತ್ತಿದ್ದವು. ಅಡಿಗೆ ಮಾತ್ರ ಅವರಿಗೆ ಒಲಿದಿರಲಿಲ್ಲ. ಪಾಟ್‌ಲಕ್ ಊಟಕ್ಕೆ ಎಲ್ಲರೂ ಬಿಸಿಬೇಳೆಬಾತು, ಹೋಳಿಗೆ ತಂದರೆ ಅವರು ಬೇಯಿಸಿದ ಆಲೂಗಡ್ಡೆಗೆ ಉಪ್ಪು, ಬೆಣ್ಣೆ ಸವರಿ ತರುತ್ತಿದ್ದರು. ಯಾರೂ ಮುಟ್ಟದೆ ಉಳಿದದ್ದನ್ನು ಬೇಸರವಿಲ್ಲದೆ ಮನೆಗೆ ಒಯ್ದು ತಾವೇ ತಿನ್ನುತ್ತಿದ್ದರು.

ನಮ್ಮ ಕನ್ನಡ ಬಳಗಕ್ಕೆ ಒಂದು ಸೇವಾ ಸಮಿತಿಯಿತ್ತು. ತಿಂಗಳಿಗೊಂದು ಶನಿವಾರ ಒಂದು ಚರ್ಚಿನ ಸಭಾಂಗಣದಲ್ಲಿ ಅಕ್ಕಿ, ಬೇಳೆ, ತರಕಾರಿ, ಡಬ್ಬದ ಆಹಾರ ಹಂಚುತ್ತಿದ್ದೆವು. ಯಾರು ಬಂದರೂ ಕೊಡುತ್ತಿದ್ದೆವು. ನಾನು ಕಾರ್ಯದರ್ಶಿ, ಅಧ್ಯಕ್ಷರು ಮೈಸೂರಿನ ಕಡೆಯ ಒಬ್ಬ ಹೃದಯದ ಡಾಕ್ಟರು. ಒಳ್ಳೆಯ ಮನುಷ್ಯ. ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮುಗಿಸಿ ನೇರವಾಗಿ ಬಂದು ಅಕ್ಕಿ ಮೂಟೆ ಹೊರುತ್ತಿದ್ದರು. ಆಂಟಿ ಒಂದು ಸಭೆಗೆ ಬಂದರು. ನಾವು ತೆಗೆದ ಫೋಟೋಗಳನ್ನು ಗೋಡೆಯ ಮೇಲೆ ತೋರಿಸುತ್ತಿದ್ದೆವು. ಚೀಲ ಕೊಡುತ್ತಿರುವ ನಾವು, ಚೀಲ ತೆಗೆದುಕೊಳ್ಳುತ್ತಿರುವ ಅವರು. ಎಲ್ಲ ಮುಗಿದ ಮೇಲೆ ಡಾಕ್ಟರು, "ಆಂಟಿ, ನೀವು ಯುರೋಪಿನಲ್ಲಿ ಇಂಥದ್ದೆಲ್ಲ ನೋಡಿದೋರು. ಏನಾದ್ರೂ ಹೇಳಿ" ಎಂದರು.

"ಹೇಳೂದೇನಿಲ್ರಿ. ಒಂದು ಕೇಳ್ಲಿ?"

"ಕೇಳಿ, ಕೇಳಿ."

"ಈ ಫೋಟೋದಾಗ ಚೀಲ ತಗೊಳ್ಳಿಕ್ಕೆ ಹತ್ಯಾರಲ್ಲ, ಅವರೊಳಗ ಯಾರು ಬಂದಾರ ಈ ಮೀಟಿಂಗಿಗೆ?"

ಯಾರೋ ಪ್ರೊಜೆಕ್ಟರ್ ಆರಿಸಿದರು. ಆಂಟಿ ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ. ಅವತ್ತು ನನಗೆ ಅವರ ಮೇಲೆ ಸ್ವಲ್ಪ ಕೋಪವೇ ಬಂತು. ವಾರವಿಡೀ ದುಡಿದು ಶನಿವಾರವನ್ನೂ ಕೊಟ್ಟವರಿಗೆ ಹೀಗೆ ಕೇಳುವುದೇ ಎನ್ನಿಸಿತು.

ಕಚ್ಚಾ ಎಣ್ಣೆಯ ಬೆಲೆ ಕುಸಿದ ವರ್ಷಗಳು ಅವು. ಎಣ್ಣೆ ಕಂಪನಿಗಳೇ ತುಂಬಿರುವ ಎನರ್ಜಿ ಕಾರಿಡಾರಿನ ಕಟ್ಟಡಗಳಲ್ಲಿ ಒಂದೊಂದು ಶುಕ್ರವಾರವೂ ರಟ್ಟಿನ ಪೆಟ್ಟಿಗೆ ಹಿಡಿದು ಹೊರಗೆ ಬರುವವರು ಕಾಣುತ್ತಿದ್ದರು. ನನ್ನ ಕೆಲಸ ಉಳಿಯಿತು. ನನ್ನ ಹಾಗೆ ಉಳಿಯದವರಲ್ಲಿ ಸುಮಿತ್ರಾಳ ಗಂಡ ಒಬ್ಬರು. ಸುಮಿತ್ರಾ ಹಾಸನದವಳು; ನಾವಿಬ್ಬರೂ ಗೆಳತಿಯರು. ರಾಜ್ಯೋತ್ಸವದಲ್ಲಿ ಪ್ರಾರ್ಥನೆ ಹಾಡುತ್ತಿದ್ದವಳು ಅವಳೇ. ಗಂಡನಿಗೆ ಕೆಲಸ ಹೋಯಿತು, ಅದರೊಂದಿಗೆ ಕಂಪನಿ ಕೊಡುತ್ತಿದ್ದ ಆರೋಗ್ಯದ ಇನ್ಶೂರೆನ್ಸ್ ಹೋಯಿತು, ಆಮೇಲೆ ಪಾರ್ಶ್ವವಾಯು ಬಡಿಯಿತು. ಇದು ಯಾವುದೂ ನಮಗೆ ಗೊತ್ತಿರಲಿಲ್ಲ. ಅವರು ಬಳಗಕ್ಕೆ ಬರುವುದನ್ನು ನಿಲ್ಲಿಸಿದಾಗ ಯಾರೋ, "ಡಲ್ಲಾಸಿಗೆ ಶಿಫ್ಟ್ ಆದ್ರಂತೆ" ಅಂದರು. ಇನ್ಯಾರೋ, "ಈಗ ಅವರಿಗೆ ನಾವೆಲ್ಲ ಕಾಣಲ್ಲ" ಅಂದರು. ಎರಡನ್ನೂ ನಂಬಿ ಸುಮ್ಮನಾದೆವು.

೨೦೧೬ರ ಒಂದು ಶನಿವಾರ ಸರದಿಯಲ್ಲಿ ಅವಳನ್ನು ಕಂಡೆ. ದುಪಟ್ಟಾ ತಲೆಯ ಮೇಲೆಳೆದುಕೊಂಡು, ನೆಲ ನೋಡುತ್ತ ನಿಂತಿದ್ದಳು. ಅವಳ ಮುಂದೆ ಹತ್ತು ಜನ, ಹಿಂದೆ ಇಪ್ಪತ್ತು ಜನ. ಮೇಜಿನ ಹಿಂದೆ ಬಳಗದ ನಮ್ಮ ಹೆಂಗಸರೇ. ಅವಳಿಗೆ ಮುಜುಗರವಾಗದಿರಲಿ ಎಂದು ನಾನು ಓಡಿಹೋಗಿ ಅವಳ ತೋಳು ಹಿಡಿದು, "ಬಾ, ಈ ಕಡೆ ಬಾ" ಎಂದು ಅಡಿಗೆಕೋಣೆಯ ಹಿಂಬಾಗಿಲಿಗೆ ಕರೆದುಕೊಂಡು ಹೋದೆ. ಎರಡು ಚೀಲ ತುಂಬಿ ಕೈಗಿಟ್ಟೆ. "ಯಾರಿಗೂ ಹೇಳಲ್ಲ, ಯೋಚನೆ ಮಾಡಬೇಡ" ಎಂದೆ. ಅವಳು ಥ್ಯಾಂಕ್ಸ್ ಹೇಳಿ ಹೋದಳು. ನನಗೆ ಒಳ್ಳೆಯ ಕೆಲಸ ಮಾಡಿದ ಸಮಾಧಾನ.

ಯಾರಿಗೂ ಹೇಳಲ್ಲ ಎಂದವಳು ಆ ಸಂಜೆಯೇ ಒಬ್ಬರಿಗೆ ಹೇಳಿದೆ. ಸಹಾಯ ಮಾಡಲೆಂದೇ ಹೇಳಿದ್ದು. ನಾಲ್ಕೇ ದಿನದಲ್ಲಿ ಬಳಗದ ವಾಟ್ಸಾಪ್ ಗುಂಪಿನಲ್ಲಿ ಸುಮಿತ್ರಾಳ ಕುಟುಂಬದ ಹಳೆಯ ಫೋಟೋ, ಅದರ ಕೆಳಗೆ 'ಈ ಕುಟುಂಬಕ್ಕೆ ಸಹಾಯ ಮಾಡಿ' ಎಂಬ ಮನವಿ, ಅದರ ಕೆಳಗೆ ಕೈಮುಗಿದ ನೂರಾರು ಚಿಹ್ನೆಗಳು. ಆ ಗುಂಪಿನಲ್ಲಿ ಸುಮಿತ್ರಾಳೂ ಇದ್ದಳು. ಅದು ಯಾರಿಗೂ ಹೊಳೆದಿರಲಿಲ್ಲ. 'ಸುಮಿತ್ರಾ ಗುಂಪನ್ನು ತೊರೆದಿದ್ದಾರೆ' ಎಂಬ ಒಂದು ಸಾಲು ಕೊನೆಗೆ ಬಂತು. ಮುಂದಿನ ತಿಂಗಳ ಶನಿವಾರ ಅವಳು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ.

ಆಂಟಿಯ ಹತ್ತಿರ ಹೋಗಿ ಎಲ್ಲವನ್ನೂ ಹೇಳಿಕೊಂಡೆ. ಅವರು ಅಕ್ಕನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ತಿಕ್ಕುವುದನ್ನು ನಿಲ್ಲಿಸದೆ ಕೇಳಿದರು. ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. ಕೈ ತೊಳೆದು ಬಂದು ಅವರದೇ ಒಂದು ತಪ್ಪನ್ನು ಹೇಳಿದರು.

ಬ್ರಸೆಲ್ಸಿನಲ್ಲಿ ಅವರು ಏರ್ಪಡಿಸಿದ ಮೊದಲ ದೊಡ್ಡ ಸಭೆಯಂತೆ. ಪೋರ್ಚುಗಲ್ಲಿನಿಂದ ಒಬ್ಬ ಹೆಂಗಸು ಬಂದಿದ್ದರು. ಮನೆಗೆಲಸ ಮಾಡಿ ಮೂರು ಮಕ್ಕಳನ್ನು ಸಾಕಿದವರು, ಮೊದಲ ಸಲ ವಿಮಾನ ಹತ್ತಿದವರು. ಹೋಟೆಲಿನ ಕೌಂಟರಿನಲ್ಲಿ ಕೋಣೆಯ ಕೀಲಿ ಕೊಡುವ ಮೊದಲು ಕ್ರೆಡಿಟ್ ಕಾರ್ಡ್ ಕೇಳಿದ್ದಾರೆ. ಕೋಣೆಗೆ ಮೊದಲೇ ವ್ಯವಸ್ಥೆಯಾಗಿದ್ದರೂ ಕಾರ್ಡ್ ತೋರಿಸಬೇಕೆಂಬುದು ಅಲ್ಲಿನ ನಿಯಮ. ಅವರ ಹತ್ತಿರ ಕಾರ್ಡ್ ಎಲ್ಲಿಂದ ಬರಬೇಕು? ಅವರು ಯಾರನ್ನೂ ಏನನ್ನೂ ಕೇಳದೆ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬೆಳಿಗ್ಗೆಯಿಂದ ಸಂಜೆಯವರೆಗೆ ಲಾಬಿಯಲ್ಲಿ ಕೂತಿದ್ದರು. ಉದ್ಘಾಟನೆ ಮೇಲಿನ ಮಹಡಿಯಲ್ಲಿ ನಡೆದುಹೋಯಿತು.

"ನಾನು ಮ್ಯಾಲೆ ಆಕಿ ಹೆಸರಿನ ಚೀಟಿ ಇಟ್ಟ ಕುರ್ಚಿ ಖಾಲಿ ಅದ ಅಂತ ಸಿಟ್ಟು ಮಾಡ್ಕೊಂಡು ನಿಂತಿದ್ದೆ" ಎಂದರು ಆಂಟಿ. "ಬಡವರನ್ನ ಹೊರಗಿಡಬಾರದು ಅಂತ ಮೀಟಿಂಗ್. ಆಕಿನ್ನ ಹೊರಗಿಟ್ಟಾಕಿ ನಾನ. ಹೊರಗಿಡಬೇಕು ಅಂತ ಇಟ್ಟಿದ್ದೇನ್ರಿ? ಕೇಳಲಿಲ್ಲ, ಅಷ್ಟ. ನಿಮ್ಮ ಹತ್ರ ಕಾರ್ಡ್ ಅದೇನು ಅಂತ ಒಂದು ಮಾತು ಮೊದಲ ಕೇಳಿದ್ರ ಆಗ್ತಿತ್ತು."

"ಆಮೇಲೆ ಏನ್ ಮಾಡಿದ್ರಿ?"

"ಹೋಗಿ ಆಕಿ ಬಾಜೂ ಕೂತೆ. ಮುಂದಿನ ಸಲ ಹೆಂಗ ಮಾಡೂದು ಅಂತ ಆಕಿನ್ನ ಕೇಳಿದೆ." ಸೆರಗಿನಲ್ಲಿ ಕೈ ಒರೆಸಿಕೊಂಡು, "ನಡೀರಿ, ಸುಮಿತ್ರಾ ಅವರ ಮನಿಗೆ ಹೋಗೂಣು. ಬರಿಗೈಲೆ ಬರ್ರಿ. ಹಣ್ಣು, ಸ್ವೀಟು ಏನೂ ತರಬ್ಯಾಡ್ರಿ" ಎಂದರು.

ನೈಋತ್ಯ ಹ್ಯೂಸ್ಟನ್ನಿನ ಒಂದು ಹಳೆಯ ಅಪಾರ್ಟ್‌ಮೆಂಟಿನ ಎರಡನೆಯ ಮಹಡಿ. ಸುಮಿತ್ರಾ ಬಾಗಿಲು ಅರ್ಧ ತೆರೆದು ನನ್ನನ್ನು ನೋಡಿದಳು. ನಾನು ಅಲ್ಲೇ ನಿಂತು, "ತಪ್ಪಾಯ್ತು ಸುಮಿ. ಹೇಳಲ್ಲ ಅಂತ ಮಾತು ಕೊಟ್ಟು ಹೇಳ್ಬಿಟ್ಟೆ" ಎಂದೆ.

"ಆಯ್ತು ಬಿಡಿ" ಎಂದಳು. ಮೊದಲು ನನ್ನನ್ನು ನೀನು ಎನ್ನುತ್ತಿದ್ದವಳು. ಒಳಗೆ ಬನ್ನಿ ಅನ್ನಲಿಲ್ಲ.

ಆಂಟಿ ಮುಂದೆ ಬಂದು ತಮ್ಮ ಪರಿಚಯ ಹೇಳಿಕೊಂಡರು. "ನಿಮಗ ಏನ್ ಬೇಕು ಅಂತ ಕೇಳ್ಳಿಕ್ಕೆ ಬಂದಿಲ್ರಿ. ನಮ್ಮ ಶನಿವಾರದ ಕೆಲಸದಾಗ ಏನೇನು ತಪ್ಪದ ಅಂತ ಹೇಳಿಸ್ಕೊಳ್ಳಿಕ್ಕೆ ಬಂದೇನಿ. ನಮ್ಮೊಳಗ ಅದು ಯಾರಿಗೂ ಗೊತ್ತಿಲ್ಲ. ಸರದೀಲಿ ನಿಂತವರಿಗಷ್ಟ ಗೊತ್ತು."

ಸುಮಿತ್ರಾ ಬಾಗಿಲು ಪೂರ್ತಿ ತೆರೆದಳು.

ಅವಳು ಹೇಳುತ್ತ ಹೋದಳು, ಆಂಟಿ ಬರೆದುಕೊಳ್ಳುತ್ತ ಹೋದರು. ಅಕ್ಕಿಯ ಚೀಲ ಎಷ್ಟು ಭಾರವೆಂದರೆ ಅದನ್ನು ಹೊತ್ತು ಎರಡು ಬಸ್ ಬದಲಾಯಿಸಲು ಆಗುವುದಿಲ್ಲ. ಕಾರಿರುವವರು ಕಟ್ಟಿದ ಚೀಲ ಅದು. ಹಂಚಿಕೆ ಶುರುವಾಗುವ ಹೊತ್ತಿಗೆ ಸರಿಯಾಗಿ ಆ ಕಡೆಗೆ ಬಸ್ಸೇ ಇಲ್ಲ, ಅದಕ್ಕೇ ಒಂದು ಗಂಟೆ ಮೊದಲೇ ಬಂದು ಬಿಸಿಲಲ್ಲಿ ನಿಲ್ಲಬೇಕು. ಮೇಜಿನ ಮೇಲೆ ಹೆಸರು ಬರೆಯುವ ಹಾಳೆ ತೆರೆದೇ ಇರುತ್ತದೆ. ಹಿಂದೆ ನಿಂತವರು ಎಲ್ಲರ ಹೆಸರೂ ಓದಬಹುದು. ಅದರಲ್ಲಿ 'ಸಹಾಯ ಬೇಕಾದ ಕಾರಣ' ಎಂದೊಂದು ಕಾಲಂ. "ನನ್ನ ಪಾಳಿ ಬಂದಾಗ ಅಲ್ಲಿ ಏನ್ ಬರೀಲಿ ಆಂಟಿ? ಹಸಿವು ಅಂತ ಬರೆಯೋಣ ಅಂದ್ಕೊಂಡೆ. ಆಮೇಲೆ ಅದೂ ಬೇಡ ಅನ್ನಿಸ್ತು."

ಒಳಕೋಣೆಯಿಂದ ಅವಳ ಗಂಡ ಏನೋ ಕೂಗಿದರು. ಮಾತು ತೊದಲುತ್ತಿತ್ತು, ಅವಳಿಗೆ ಮಾತ್ರ ಅರ್ಥವಾಯಿತು. "ವಾಟ್ಸಾಪಲ್ಲಿ ಹಾಕಿದ ಫೋಟೋ ವಿಷ್ಯಾನೂ ಹೇಳು ಅಂತಿದಾರೆ" ಎಂದು ಮೊದಲ ಸಲ ನಕ್ಕಳು.

ಆ ಪುಟಗಳನ್ನು ಆಂಟಿ ಸಮಿತಿಯ ಮುಂದಿಡಲಿಲ್ಲ. ಸುಮಿತ್ರಾಳೇ ಸಮಿತಿಗೆ ಬಂದು ಹೇಳಲಿ, ಅವಳೂ ಸದಸ್ಯೆಯಾಗಲಿ ಎಂದರು. ಅವಳೊಬ್ಬಳೇ ಅಲ್ಲ, ಸರದಿಯಲ್ಲಿ ನಿಲ್ಲುವವರಲ್ಲಿ ಇನ್ನೂ ಇಬ್ಬರು. ಡಾಕ್ಟರು ಒಪ್ಪಲಿಲ್ಲ.

"ತಗೊಳ್ಳೋರೇ ಕಮಿಟೀಲಿ ಕೂತ್ರೆ ಹೇಗೆ ಆಂಟಿ? ನಾಳೆ ನಮಗೆ ಇನ್ನಷ್ಟು ಕೊಡಿ ಅಂತಾರೆ."

"ಅನ್ಲಿ ಬಿಡ್ರಿ. ಬ್ಯಾಡ ಅನ್ಲಿಕ್ಕೆ ನೀವು ಅದೀರಲ್ಲ."

"ಅವರಿಗೂ ಮುಜುಗರ ಅಲ್ವಾ? ನಾವು ಇಷ್ಟೆಲ್ಲಾ ಮಾಡ್ತಿರೋದು ಅವರ ಮರ್ಯಾದೆ ಉಳೀಲಿ ಅಂತಾನೇ."

"ಡಾಕ್ಟ್ರ, ನೀವು ಪೇಷಂಟ್ ಬಂದ್ರ ಎಲ್ಲಿ ನೋವು ಅಂತ ಕೇಳ್ತೀರೋ ಇಲ್ಲೋ?"

"ಕೇಳ್ತೀನಿ."

"ಅವರನ್ನ ಕೇಳ್ತೀರೋ, ಅವರ ಬಾಜೂ ಮನಿಯವರನ್ನ ಕೇಳ್ತೀರೋ?"

ಡಾಕ್ಟರ ಮುಖ ಕೆಂಪಾಯಿತು. ಅವತ್ತು ಅವರು ಸಭೆಯ ಮಧ್ಯದಲ್ಲೇ ಎದ್ದುಹೋದರು. ಎರಡು ತಿಂಗಳು ಆಂಟಿಯೊಂದಿಗೆ ಮಾತಾಡಲಿಲ್ಲ. ಸಮಿತಿಯಲ್ಲಿ ಎರಡು ಪಂಗಡವಾಯಿತು, ಇಬ್ಬರು ಬಿಟ್ಟೇಹೋದರು. ಸಮಿತಿಯೇ ಮುಚ್ಚಿಹೋಗುತ್ತದೆಂದು ನನಗೆ ಹೆದರಿಕೆಯಿತ್ತು. ಆಂಟಿ ಮಾತ್ರ ಪ್ರತಿ ಸಭೆಗೂ ಸಮಯಕ್ಕೆ ಸರಿಯಾಗಿ ಬಂದು, ಮೂರು ಕುರ್ಚಿ ಹೆಚ್ಚಿಗೆ ಹಾಕಿ ಕೂತಿರುತ್ತಿದ್ದರು. ಯಾರನ್ನೂ ಒತ್ತಾಯಿಸಲಿಲ್ಲ. ಮೂರನೆಯ ತಿಂಗಳು ಡಾಕ್ಟರು ಬಂದು, ಆ ಖಾಲಿ ಕುರ್ಚಿಗಳನ್ನು ನೋಡಿ, "ಸರಿ, ಕರೀರಿ. ನೋಡೋಣ" ಎಂದರು.

ಸುಮಿತ್ರಾ ಬಂದಳು. ಅವಳ ಜೊತೆ ಗ್ವಾಟೆಮಾಲಾದ ಒಬ್ಬ ಅಜ್ಜಿ, ಭೂತಾನಿನಿಂದ ನಿರಾಶ್ರಿತರಾಗಿ ಬಂದ ಒಬ್ಬ ಮುದುಕರು. ಅಜ್ಜಿಗೆ ಸ್ಪ್ಯಾನಿಷ್ ಬಿಟ್ಟು ಬೇರೆ ಬಾರದು. ಮುದುಕರಿಗೆ ನೇಪಾಳಿಯ ಜೊತೆ ಹರಕು ಮುರುಕು ಹಿಂದಿ. ಆಂಟಿ ಬಳಗದ ಹೈಸ್ಕೂಲು ಮಕ್ಕಳನ್ನು ಹಿಡಿದು ತಂದು ಒಬ್ಬೊಬ್ಬರ ಪಕ್ಕದಲ್ಲಿ ಕೂರಿಸಿದರು. ಶಾಲೆಯಲ್ಲಿ ಕಲಿತ ಸ್ಪ್ಯಾನಿಷ್, ಮನೆಯಲ್ಲಿ ಕೇಳಿದ ಕನ್ನಡ, ಸಿನಿಮಾದಿಂದ ಬಂದ ಹಿಂದಿ, ಎಲ್ಲವೂ ಕೆಲಸಕ್ಕೆ ಬಂತು. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲೇ ಉತ್ತರಿಸುವ ಮಕ್ಕಳು, ಕಿವಿಯಲ್ಲಿ ಪಿಸುಗುಟ್ಟಿ ಅರ್ಥ ಹೇಳುವುದರಲ್ಲಿ ನಿಸ್ಸೀಮರಾಗಿದ್ದರು.

ಡಲ್ಲಾಸ್, ಆಸ್ಟಿನ್ ಊರುಗಳ ಕನ್ನಡದವರೂ ಇಂಥ ಕೆಲಸ ಮಾಡುತ್ತಿದ್ದರು. ಡಲ್ಲಾಸಿನವರು ತಮ್ಮ ಪಕ್ಕದ ಯೂಲೆಸ್ ಎಂಬ ಊರಿನಲ್ಲಿ ಹೊಸದಾಗಿ ಬಂದ ಹೆಂಗಸರಿಗೆ ಡ್ರೈವಿಂಗ್, ಇಂಗ್ಲಿಷ್ ಕಲಿಸುತ್ತಿದ್ದರು. ಆಸ್ಟಿನ್ನಿನವರು ತಿಂಗಳಿಗೊಮ್ಮೆ ಉಚಿತ ಆರೋಗ್ಯ ತಪಾಸಣೆ ನಡೆಸುತ್ತಿದ್ದರು. ಮೂವರ ನಡುವೆ ಅಲ್ಲಿಯವರೆಗೆ ಇದ್ದದ್ದು ಯಾರ ರಾಜ್ಯೋತ್ಸವ ದೊಡ್ಡದು ಎಂಬ ಪೈಪೋಟಿ ಮಾತ್ರ. ಆಂಟಿ ತಮ್ಮ ಯುರೋಪಿನ ಪದ್ಧತಿಯನ್ನು ಇಲ್ಲಿಗೆ ತಂದರು. ಒಂದು ಊರಿನವರು ಇನ್ನೊಂದು ಊರಿಗೆ ಹೋಗಿ ಒಂದು ದಿನ ಇದ್ದು ನೋಡಿ ಬರಬೇಕು. ಹೋಗುವವರಲ್ಲಿ ಅರ್ಧ ಜನ ಸಮಿತಿಯವರು, ಅರ್ಧ ಜನ ಸಹಾಯ ಪಡೆಯುವವರು. ನಿಯಮ ಒಂದೇ: ನೀವು ಹೀಗೆ ಮಾಡಿ ಎಂದು ಉಪದೇಶ ಮಾಡುವಂತಿಲ್ಲ, ನಾವು ಇದನ್ನು ನೋಡಿದೆವು ಎಂದಷ್ಟೇ ಹೇಳಬೇಕು. ಮೊದಲ ಸಲ ಡಲ್ಲಾಸಿನವರು ನಮ್ಮಲ್ಲಿಗೆ ಬಂದಾಗ, ಮಗಳ ಮದುವೆಗೆ ಬೀಗರು ಬರುತ್ತಾರೆಂಬಂತೆ ನಾವು ಸಭಾಂಗಣ ತೊಳೆದೆವು.

೨೦೧೭ರ ಆರಂಭದಲ್ಲಿ ಮೂರೂ ಊರಿನವರು ಆಸ್ಟಿನ್ನಿನಲ್ಲಿ ಸೇರಿದೆವು. ಒಂದು ಸಾರ್ವಜನಿಕ ಗ್ರಂಥಾಲಯದ ಕೋಣೆ. ಉಪ್ಪಿಟ್ಟು ತಿಂದು, ಮೇಜುಗಳನ್ನು ಚೌಕಾಕಾರವಾಗಿ ಜೋಡಿಸಿಕೊಂಡು ಕೂತೆವು. ಸುಮಿತ್ರಾ ಕನ್ನಡದಲ್ಲಿ ಮಾತಾಡಲು ಎದ್ದಳು. ಕನ್ನಡ ಬಾರದವರಿಗಾಗಿ ಅವಳ ಹದಿನೈದು ವರ್ಷದ ಮಗಳು ಮೇಘನಾ ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು.

ಬಸ್ಸು, ಅಕ್ಕಿಚೀಲ, ಹೆಸರಿನ ಹಾಳೆ ಎಲ್ಲ ಆಯಿತು. ಆಮೇಲೆ ಸುಮಿತ್ರಾ ಹೇಳಿದಳು: "ಮೊದಲ್ನೇ ಸಲ ಸರದೀಲಿ ನಿಲ್ಲೋಕೆ ನನಗೆ ಮೂರು ತಿಂಗಳು ಬೇಕಾಯ್ತು. ಎರಡು ಸಲ ಅರ್ಧ ದಾರಿಗೆ ಬಂದು ವಾಪಸ್ ಹೋಗಿದ್ದೆ. ಅವತ್ತು ಗಟ್ಟಿ ಮನಸ್ಸು ಮಾಡಿ ನಿಂತೆ. ಎಲ್ಲರ ಥರಾ ನಾನೂ ನನ್ನ ಪಾಳಿ ಬಂದಾಗ ತಗೊಂಡು ಹೋಗೋಣ ಅಂತ. ಅಷ್ಟರಲ್ಲಿ ನನ್ನ ಗೆಳತೀನೇ ಬಂದು ತೋಳು ಹಿಡಿದು ಹಿಂದಿನ ಬಾಗಿಲಿಗೆ ಕರಕೊಂಡು ಹೋದ್ಲು. ಪ್ರೀತಿಯಿಂದಾನೇ ಕರಕೊಂಡು ಹೋಗಿದ್ದು, ನನಗೆ ಗೊತ್ತು. ಆದ್ರೆ ನಾನು ಮಾಡಿದ್ದು ನಾಚಿಕೆ ಕೆಲಸ ಅಂತ ನನಗೆ ಅನ್ನಿಸಿದ್ದು ಸರದೀಲಿ ಅಲ್ಲ. ಆ ಬಾಗಿಲಲ್ಲಿ."

ಮೇಘನಾ ಅರ್ಥ ಹೇಳುವುದನ್ನು ಬಿಟ್ಟು ತಾಯಿಯ ಕಡೆ ತಿರುಗಿ, "ಅಮ್ಮಾ, ಯೂ ನೆವರ್ ಟೋಲ್ಡ್ ಮಿ" ಎಂದಳು. ಅಮ್ಮ ಸರದಿಯಲ್ಲಿ ನಿಂತದ್ದು ಆ ಮಗುವಿಗೆ ಗೊತ್ತಿತ್ತು; ಅರ್ಧ ದಾರಿಯಿಂದ ವಾಪಸ್ ಹೋದದ್ದು, ಹಿಂಬಾಗಿಲಿನ ವಿಷಯ ಗೊತ್ತಿರಲಿಲ್ಲ. ಸುಮಿತ್ರಾ ಅವಳ ಬೆನ್ನ ಮೇಲೆ ಕೈಯಿಟ್ಟು, "ಹೇಳು ಮರಿ, ಎಲ್ಲರೂ ಕಾಯ್ತಿದಾರೆ" ಎಂದಳು. ಮೇಘನಾ ಕಣ್ಣೊರೆಸಿಕೊಂಡು, ಒಂದು ಪದವನ್ನೂ ಬಿಡದೆ ಹೇಳಿದಳು. ಹಾಗಾಗಿ ನಾನು ಅದನ್ನು ಎರಡು ಸಲ, ಎರಡು ಭಾಷೆಯಲ್ಲಿ ಕೇಳಬೇಕಾಯಿತು.

ಸುಮಿತ್ರಾ ನನ್ನ ಹೆಸರು ಹೇಳಿರಲಿಲ್ಲ. ನಾನು ಆಂಟಿಯ ಕಡೆ ನೋಡಿದೆ. ಒಂದು ಸಮಾಧಾನದ ನಗೆಯಾದರೂ ಸಿಕ್ಕೀತೆಂದು ಆಸೆಯಿತ್ತು. ಅವರು ನನ್ನ ಕಡೆ ನೋಡಲೇ ಇಲ್ಲ. ಗ್ವಾಟೆಮಾಲಾದ ಅಜ್ಜಿಗೆ ಸರಿಯಾಗಿ ಕೇಳಿಸಿತೇ ಎಂದು ಪಕ್ಕದಲ್ಲಿದ್ದ ಹುಡುಗಿಯಿಂದ ವಿಚಾರಿಸುತ್ತಿದ್ದರು. ಆಗ ನಾನೇ ಎದ್ದು ನಿಂತು, "ಆ ಗೆಳತಿ ನಾನು" ಎಂದೆ. ಕೂತೆ. ಸುಮಿತ್ರಾ ಮುಂದಿನ ವಿಷಯಕ್ಕೆ ಹೋದಳು. ವಾಪಸ್ ಬರುವಾಗ ವ್ಯಾನಿನಲ್ಲಿ ಅವಳು ನನ್ನ ಪಕ್ಕದಲ್ಲೇ ಕೂತಳು. ಅರ್ಧ ದಾರಿ ಕಳೆದ ಮೇಲೆ, "ಲೇ, ಚಳಿಯಾಗ್ತಿದೆ, ಏಸಿ ಕಮ್ಮಿ ಮಾಡೋಕ್ ಹೇಳೇ" ಎಂದಳು. ಏಕವಚನ ವಾಪಸ್ ಬಂದದ್ದು ಹಾಗೆ.

ಅದೇ ವರ್ಷದ ಆಗಸ್ಟಿನಲ್ಲಿ ಚಂಡಮಾರುತದ ಮಳೆಗೆ ಹ್ಯೂಸ್ಟನ್ ನೀರಿನಲ್ಲಿ ಮುಳುಗಿತು. ಸಹಾಯ ಮಾಡಲು ಡಲ್ಲಾಸ್, ಆಸ್ಟಿನ್ನಿನವರು ಮೊದಲು ಫೋನ್ ಮಾಡಿದ್ದು ಡಾಕ್ಟರಿಗಲ್ಲ, ನನಗೂ ಅಲ್ಲ, ಸುಮಿತ್ರಾಳಿಗೆ. ಹಳೆಯ ಬಟ್ಟೆ ಬೇಡ, ಒಣ ಹಾಸಿಗೆ ಬೇಕು, ನೆಲ ಒರೆಸುವ ಸಾಮಾನು ಬೇಕು, ತನ್ನ ಗಂಡನಂಥ ರೋಗಿಗಳಿಗೆ ಔಷಧಿ ಬೇಕು ಎಂದು ಅವಳು ಹೇಳಿದಳು. ಅವಳು ಹೇಳಿದ್ದೇ ಬಂತು. ಡಾಕ್ಟರು ಆಸ್ಪತ್ರೆಯ ಕೆಲಸ ಮುಗಿಸಿ ಬಂದು, "ಸುಮಿತ್ರಾ, ನಾನೀಗ ಎಲ್ಲಿಗೆ ಹೋಗ್ಲಿ?" ಎಂದು ಕೇಳುತ್ತಿದ್ದುದು ಈಗಲೂ ನೆನಪಿದೆ.

ಆಮೇಲೆ ಆಂಟಿ ನಿಧಾನವಾಗಿ ಹಿಂದೆ ಸರಿದರು. ಸಭೆಗೆ ಬಂದರೂ ಗೋಡೆಗೆ ಒರಗಿ ಕೂತು ಕೇಳುತ್ತಿದ್ದರು, ಮಾತಾಡುತ್ತಿರಲಿಲ್ಲ. ೨೦೧೯ರ ವಸಂತದಲ್ಲಿ ಒಂದು ಶುಕ್ರವಾರ ಮಧ್ಯಾಹ್ನ ಊಟ ಮಾಡಿ ಸೋಫಾದ ಮೇಲೆ ಮಲಗಿದವರು ಏಳಲಿಲ್ಲ. ಮಾರನೆಯ ದಿನ ನಮ್ಮ ಹಂಚಿಕೆಯ ಶನಿವಾರ. ನಿಲ್ಲಿಸೋಣವೇ ಎಂದು ನಾನು ಕೇಳಿದಾಗ ಸುಮಿತ್ರಾ, "ಬಸ್ ಹಿಡಿದು ಬರೋರಿಗೆ ಈಗ ಹೇಗೆ ತಿಳಿಸ್ತೀಯಾ?" ಎಂದಳು. ಎಂದಿನಂತೆ ಹಂಚಿದೆವು. ಮುಗಿದ ಮೇಲೆ ವಿಷಯ ತಿಳಿಸಿದೆವು. ಯಾರೂ ಮನೆಗೆ ಹೋಗಲಿಲ್ಲ. ಆಂಟಿಯ ಅಕ್ಕನನ್ನು ಗಾಲಿಕುರ್ಚಿಯಲ್ಲಿ ಕರೆದುಕೊಂಡು ಬಂದಿದ್ದರು. ಡಾಕ್ಟರು ಕಾಗದದಲ್ಲಿ ಬರೆದುಕೊಂಡ ಭಾಷಣ ಹಿಡಿದು ಮುಂದೆ ಬಂದರು. ಸುಮಿತ್ರಾ ಮೆಲ್ಲಗೆ, "ಡಾಕ್ಟ್ರೇ, ಇವರದು ಮೊದಲು ಆಗ್ಲಿ. ಕೆಲವರಿಗೆ ಬಸ್ಸಿಗೆ ಹೊತ್ತಾಗತ್ತೆ" ಎಂದಳು. ಅವರು ಕಾಗದ ಮಡಿಚಿ ಜೇಬಿಗಿಟ್ಟು ಹಿಂದೆ ಹೋಗಿ ನಿಂತರು.

ಒಬ್ಬೊಬ್ಬರಾಗಿ ಮಾತಾಡಿದರು. ಭೂತಾನಿನ ಮುದುಕರು, ಆಂಟಿ ತಮಗೆ ಊರಿನ ಬಸ್ಸುಗಳ ನಂಬರುಗಳನ್ನು ಬಾಯಿಪಾಠ ಮಾಡಿಸಿದ್ದನ್ನು ಹೇಳಿ, ಆ ನಂಬರುಗಳನ್ನೆಲ್ಲ ಒಪ್ಪಿಸಿದರು. ಗ್ವಾಟೆಮಾಲಾದ ಅಜ್ಜಿ, ಮಂಗಳವಾರ ಮಂಗಳವಾರ ಅವರು ತಮ್ಮ ಮನೆಗೆ ಬಂದು ಬರೇ ಸುಮ್ಮನೆ ಕೂತಿರುತ್ತಿದ್ದರು, ಒಬ್ಬರ ಭಾಷೆ ಒಬ್ಬರಿಗೆ ಬಾರದಿದ್ದರೂ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ ಎಂದರು. ಇದು ಯಾವುದೂ ನಮಗೆ ಗೊತ್ತಿರಲಿಲ್ಲ. ಡಾಕ್ಟರ ಪಾಳಿ ಬಂದಾಗ ಅವರು ಕಾಗದ ತೆಗೆಯಲಿಲ್ಲ. "ನಾನು ಅವರ ಜೊತೆ ಎರಡು ತಿಂಗಳು ಮಾತು ಬಿಟ್ಟಿದ್ದೆ" ಎಂದರು. "ಆ ಎರಡು ತಿಂಗಳು ಈಗ ಬೇಕು ಅನ್ನಿಸ್ತಿದೆ." ಅಷ್ಟು ಹೇಳಿ ಕೂತರು.

ಎಲ್ಲರೂ ಆಂಟಿಯ ತಾಳ್ಮೆಯನ್ನು, ಶಾಂತ ಸ್ವಭಾವವನ್ನು ಹೊಗಳಿದರು. ಅಕ್ಕ ಎಲ್ಲವನ್ನೂ ಕೇಳುತ್ತಿದ್ದರು. ಕೊನೆಗೆ ನನ್ನನ್ನು ಹತ್ತಿರ ಕರೆದರು.

"ಇವರೆಲ್ಲಾ ಆಕಿಗೆ ಗೊತ್ತಿದ್ದವರೇನು? ಮನ್ಯಾಗ ಒಂದ ಮಾತು ಹೇಳಲಿಲ್ಲ ನೋಡ್ರಿ."

"ಎಲ್ಲರೂ ಗೊತ್ತಿದ್ದೋರೇ ಅಮ್ಮ. ನೀವೂ ಏನಾದ್ರೂ ಹೇಳ್ತೀರಾ?"

ಅಕ್ಕ ಸಭೆಯನ್ನೊಮ್ಮೆ ನೋಡಿ ಗಟ್ಟಿಯಾಗಿ ಹೇಳಿದರು: "ಭಾಳ ಶಾಂತ, ಭಾಳ ಶಾಂತ ಅಂತ ಎಲ್ಲಾರೂ ಹೇಳಿದ್ರಿ. ಆಕಿ ಎಷ್ಟು ಸಿಟ್ಟಿನಾಕಿ ಅಂತ ನಿಮಗ ಗೊತ್ತಿಲ್ಲ. ನಿಮ್ಮ ಮೀಟಿಂಗ್ ಮುಗಿಸಿಕೊಂಡು ಬಂದ ದಿವಸ ಅಡಿಗಿ ಮನ್ಯಾಗ ಭಾಂಡೆ ಒಗದದ್ದೇನು, ಬಾಗಲಾ ಬಡದದ್ದೇನು! ಆ ಡಾಕ್ಟರಂತೂ ದಿನಾ ಬೈಸ್ಕೋತಿದ್ರು ಪಾಪ."

ಮಕ್ಕಳು ಅದನ್ನು ಮೂರು ಭಾಷೆಗಳಲ್ಲಿ ಪಿಸುಗುಟ್ಟಿದರು. ಒಂದು ಕ್ಷಣ ಬಿಟ್ಟು ನಗು ಒಂದೊಂದು ಮೂಲೆಯಿಂದ ಎದ್ದು ಇಡೀ ಸಭಾಂಗಣ ತುಂಬಿತು. ಡಾಕ್ಟರು ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದರು.

"ನೀವು ಆಕಿ ಬಗ್ಗೆ ಏನರೆ ಬರಿಯಾವ್ರಿದ್ರ ಇದನ್ನೂ ಬರೀರಿ" ಎಂದರು ಅಕ್ಕ, ನನ್ನ ಕೈ ಬಿಡದೆ. "ಇಲ್ಲಂದ್ರ ಅದು ಬ್ಯಾರೆ ಯಾರದೋ ಕಥಿ ಆಗ್ತದ."

ಬರೆದಿದ್ದೇನೆ.